ಸಾಹುಕಾರರ ಹಾಟ್‌ಸ್ಪಾಟ್ ಮತ್ತು ನನ್ನ ಡಾಕರ್ ಇಮೇಜ್
ಚಿತ್ರದುರ್ಗದ ಹತ್ತಿರ ಭೀಮಸಮುದ್ರದಲ್ಲಿ ಒಂದು ಅಡಿಕೆ ಮಂಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ನಾನು ನೋಡಿಕೊಳ್ಳುತ್ತೇನೆ. ಅಲ್ಲಿ ಇಂಟರ್ನೆಟ್ ಅಂದರೆ ಸಾಹುಕಾರರ ಮೊಬೈಲ್ ಹಾಟ್‌ಸ್ಪಾಟ್. "ಏನಪ್ಪಾ, ನಿನ್ನ ಅಪ್‌ಡೇಟು ನನ್ನ ಡೇಟಾ ಎಲ್ಲಾ ತಿಂದುಬಿಡ್ತು" ಅಂತಾರೆ. ಸಾಫ್ಟ್‌ವೇರ್ ಅಲ್ಲಿಗೆ ಹೋಗುವುದು ಡಾಕರ್ ಇಮೇಜ್ ಆಗಿ, ಅಂದರೆ ಪ್ರೋಗ್ರಾಂ ಮತ್ತು ಅದು ಓಡಲು ಬೇಕಾದದ್ದೆಲ್ಲ ಸೇರಿಸಿ ಕಟ್ಟಿದ ಒಂದು ಗಂಟು. ಹಾಗಾಗಿ ಆ ಇಮೇಜ್ ಸಣ್ಣದಾಗಲೇಬೇಕು.

ಪೈಥಾನ್‌ನ ಪೂರ್ತಿ ಇಮೇಜ್ ಬಿಚ್ಚಿದರೆ ಸುಮಾರು 1 ಜಿಬಿ. ಬರೀ ಆಲ್ಪೈನ್ ಲಿನಕ್ಸ್ 10 ಎಂಬಿಯೂ ಇಲ್ಲ. ಆಲ್ಪೈನ್ ಹಾಕಿದರೆ ಮುಗೀತು ಅಲ್ವಾ? ಇಲ್ಲ. ಅದರಲ್ಲಿರುವುದು ಮಸಲ್ ಎಂಬ ಸಿ ಲೈಬ್ರರಿ, ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಜಿಲಿಬ್‌ಸಿ. ಸಿ ಕೋಡ್ ಇರುವ ಪೈಥಾನ್ ಲೈಬ್ರರಿಗಳನ್ನು ಎರಡಕ್ಕೂ ಬೇರೆ ಬೇರೆ ಕಟ್ಟಬೇಕು. ಮಸಲ್‌ಗೆ ಕಟ್ಟಿದ್ದು ಸಿಗದಿದ್ದರೆ ಪಿಪ್ (ಪೈಥಾನ್ ಲೈಬ್ರರಿ ಇನ್‌ಸ್ಟಾಲ್ ಮಾಡುವ ಟೂಲ್) ಸೋರ್ಸ್ ಕೋಡ್‌ನಿಂದಲೇ ಕಟ್ಟೋಕೆ ಕೂರುತ್ತದೆ. ಆಗ ಜಿಸಿಸಿ ಎಂಬ ಕಂಪೈಲರ್ ಬೇಕು, ಹೆಡರ್ ಫೈಲ್ ಬೇಕು, ತಾಳ್ಮೆ ಅಂತೂ ಬೇಕೇ ಬೇಕು. ನಾನು ಡೆಬಿಯನ್‌ನ ಸ್ಲಿಮ್ ಇಮೇಜನ್ನೇ ಬಳಸುತ್ತೇನೆ. ಸ್ವಲ್ಪ ದಪ್ಪ, ಆದ್ರೆ ತಲೆನೋವಿಲ್ಲ.

2017ರಲ್ಲಿ ಡಾಕರ್‌ಗೆ ಬಂದ ಮಲ್ಟಿಸ್ಟೇಜ್ ಬಿಲ್ಡ್ ದೊಡ್ಡ ಉಪಕಾರ. ಒಂದು ಹಂತದಲ್ಲಿ ಕಟ್ಟಿ, ಬೇಕಾದ ಫೈಲ್ ಮಾತ್ರ ಕೊನೆಯ ಇಮೇಜ್‌ಗೆ ತರಬಹುದು, ಕಂಪೈಲರ್ ಮೊದಲ ಹಂತದಲ್ಲೇ ಉಳಿಯುತ್ತದೆ. ಅದು ಬಿಟ್ಟು ಕೊನೆಯಲ್ಲಿ ಸುಮ್ನೆ ಫೈಲ್ ಅಳಿಸಿದರೆ ಸೈಜ್ ಇಳಿಯಲ್ಲ, ಇಮೇಜ್ ಅನ್ನೋದು ಲೇಯರ್ ಮೇಲೆ ಲೇಯರ್ (ಪದರ), ಹಿಂದಿನ ಲೇಯರ್‌ನಲ್ಲಿ ಅದು ಕೂತೇ ಇರುತ್ತದೆ.

ತೂಕದ ಚೀಟಿ ಪ್ರಿಂಟ್ ಮಾಡುವ ಪುಟ್ಟ ಪ್ರೋಗ್ರಾಂ ಗೋ ಭಾಷೆಯದು. ಸಿಗೋ (CGO, ಗೋದಲ್ಲಿ ಸಿ ಕೋಡ್ ಬಳಸುವ ಸೌಲಭ್ಯ) ಆಫ್ ಮಾಡಿ ಕಟ್ಟಿದರೆ ಒಂದೇ ಫೈಲ್, ಖಾಲಿ ಸ್ಕ್ರ್ಯಾಚ್ ಇಮೇಜ್ ಮೇಲೂ ಓಡುತ್ತದೆ. ನೋಡ್‌ (Node.js) ಪ್ರೋಗ್ರಾಂ ಆದರೆ ಲೈಬ್ರರಿ ಇನ್‌ಸ್ಟಾಲ್ ಮಾಡಲು 'ಎನ್‌ಪಿಎಂ ಸಿಐ' (npm ci) ಓಡಿಸಿ. ಲಾಕ್‌ಫೈಲ್‌ನಲ್ಲಿ (ಯಾವ ಲೈಬ್ರರಿಯ ಯಾವ ವರ್ಷನ್ ಅಂತ ಬರೆದಿಟ್ಟ ಫೈಲ್) ಇರುವ ವರ್ಷನ್ನೇ ಬರುತ್ತದೆ.

ಹಾಂ, ಡಾಕರ್‌ಫೈಲ್‌ನಲ್ಲಿ (ಇಮೇಜ್ ಕಟ್ಟುವ ಹೆಜ್ಜೆಗಳ ಫೈಲ್) ಡಿಪೆಂಡೆನ್ಸಿ ಪಟ್ಟಿ, ಅಂದರೆ ಬೇಕಾದ ಲೈಬ್ರರಿಗಳ ಪಟ್ಟಿ, ಮೊದಲು ಕಾಪಿ ಮಾಡಿ ಇನ್‌ಸ್ಟಾಲ್ ಮುಗಿಸಿ, ಕೋಡ್ ಆಮೇಲೆ. ಬಿಲ್ಡ್ ಕ್ಯಾಶ್ (ಹಿಂದೆ ಕಟ್ಟಿದ ಲೇಯರ್‌ಗಳು) ಉಳಿಸಿಕೊಂಡಿದ್ದರೆ, ಕೋಡ್ ಬದಲಾದಾಗ ಆ ಕೊನೆಯ ಲೇಯರ್ ಅಷ್ಟೇ ಡೌನ್‌ಲೋಡ್ ಆಗುತ್ತದೆ.