ಸ್ಟಡ್ ಮುರಿದ ಆ ಸಂಜೆ

ಕರಾವಳಿಯಲ್ಲಿ ಹಳೇ ಕಾರು ರಿಪೇರಿ ಮಾಡುವವರಿಗೆ ನಿಜವಾದ ಕೆಲಸ ಶುರುವಾಗುವುದು ನಟ್ ಬಿಚ್ಚುವಾಗ. ಗ್ಯಾಸ್ಕೆಟ್, ಅಂದರೆ ಎರಡು ಭಾಗಗಳ ನಡುವೆ ಸೋರದಂತೆ ಇಡುವ ತೆಳು ಹಾಳೆ, ಬದಲಿಸಲು ಅರ್ಧ ಗಂಟೆ ಸಾಕು. ಅದನ್ನು ಹಿಡಿದುಕೊಂಡ ನಟ್ ಒಂದು ದಿನ ತಿನ್ನುತ್ತದೆ. ಉಪ್ಪು ಗಾಳಿ, ಮಳೆಗಾಲ ಪೂರ್ತಿ ಒದ್ದೆ, ಅದರ ಮೇಲೆ ಎಂಜಿನ್ ಬಿಸಿ. ನಟ್ ತುಕ್ಕು ಹಿಡಿದು ಕಚ್ಚಿಕೊಳ್ಳಲು ಇಷ್ಟು ಸಾಕು.

ನಾನು ಕೆಲಸಕ್ಕೆ ಸೇರಿ ಮೂರನೇ ವರ್ಷ. ಕುಂದಾಪುರ ಕಡೆಯ ಒಂದು ಗ್ಯಾರೇಜು. ಕಾರ್ಬುರೇಟರ್ ಕಾಲದ ಒಂದು ಮಾರುತಿ 800 ಬಂದಿತ್ತು. ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಎಂಬ ಸದ್ದು. ಎಂಜಿನ್ನಿನ ಹೊಗೆಯನ್ನು ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ ಸುಟ್ಟಿತ್ತು. ಕಾರಿನವರಿಗೆ ಮರುದಿನ ಮದುವೆಗೆ ಹೋಗಬೇಕಿತ್ತು. ಸಂಜೆಗೆ ಕೊಡುತ್ತೇನೆ ಎಂದೆ.

ಮೇಲಿನ ನಟ್‌ಗಳು ಬಂದವು. ಮೂಲೆಯ ಒಂದು ಬರಲಿಲ್ಲ. 12ರ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಎಳೆದೆ. ಮೊದಲು ಅಲುಗಲಿಲ್ಲ. ಆಮೇಲೆ ಸದ್ದೇ ಇಲ್ಲದೆ ಮೆತ್ತಗೆ ತಿರುಗತೊಡಗಿತು. ಬಂತು ಅಂದುಕೊಂಡು ಖುಷಿಯಿಂದ ಇನ್ನೂ ಎಳೆದೆ. ಟಪ್ ಎಂದಿತು. ನಟ್ ಕೂರುವ ತಲೆಯಿಲ್ಲದ ಬೋಲ್ಟು, ಅಂದರೆ ಸ್ಟಡ್, ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಮಟ್ಟಕ್ಕೇ ಮುರಿದಿತ್ತು.

ಗಾಬರಿಯಲ್ಲಿ ಡ್ರಿಲ್ ಹಿಡಿದೆ. ತೂತು ನಡುವಿಗೆ ಬೀಳದೆ ಪಕ್ಕಕ್ಕೆ ಜಾರಿತು. ಆ ತೂತಿಗೆ ಈಸಿ ಔಟ್ (ಮುರಿದ ಸ್ಟಡ್ಡನ್ನು ತಿರುಗಿಸಿ ತೆಗೆಯುವ ಉಪಕರಣ) ಹಾಕಿ ತಿರುಗಿಸಿದೆ, ಅದೂ ಒಳಗೇ ಮುರಿಯಿತು. ಈಸಿ ಔಟ್ ತುಂಬಾ ಗಟ್ಟಿ ಉಕ್ಕು. ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ ಅಷ್ಟೇ, ಕೊರೆಯುವುದಿಲ್ಲ. ಕೊನೆಗೆ ಹೆಡ್ ಇಳಿಸಿ ಲೇತ್‌ಗೆ ಕಳಿಸಬೇಕಾಯಿತು. ಮೂರು ದಿನ ಹೋಯಿತು. ಅವರು ಮದುವೆಗೆ ಬಸ್ಸಿನಲ್ಲಿ ಹೋದರು. ಆ ವಿಷಯ ಈಗಲೂ ನನ್ನನ್ನು ಚುಚ್ಚುತ್ತದೆ.

ನಮ್ಮ ಹಿರಿಯ ಮೇಸ್ತ್ರಿ ಬೈಯಲಿಲ್ಲ. ಮುರಿದ ತುಂಡನ್ನು ಕೈಗೆ ಕೊಟ್ಟು ನೋಡು ಎಂದರು. ಅದು ಹಗ್ಗದ ಹಾಗೆ ಹುರಿಗೊಂಡಿತ್ತು. ತಿರುಗಿದ್ದು ನಟ್ ಅಲ್ಲ, ಸ್ಟಡ್ ತಾನೇ ಹುರಿಯಾಗುತ್ತಿತ್ತು. ಅವರು ಹೇಳಿಕೊಟ್ಟಿದ್ದು ಇಷ್ಟೇ: ಕಿರ್ ಎಂದು ಸದ್ದು ಬಂದರೆ ತುಕ್ಕು ಬಿಡುತ್ತಿದೆ, ಮುಂದೆ ಹೋಗು. ಸದ್ದಿಲ್ಲದೆ ರಬ್ಬರಿನ ಹಾಗೆ ಬಂದರೆ ಕೈ ತೆಗೆ.

ಯಾಕೆ ಹೀಗೆ ಹಿಡಿದುಕೊಳ್ಳುತ್ತದೆ ಅಂದರೆ, ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ನಟ್ಟಿನ ಥ್ರೆಡ್‌ಗೂ (ತಿರುಪಿನ ಗೆರೆಗೂ) ಸ್ಟಡ್ಡಿನ ಥ್ರೆಡ್‌ಗೂ ನಡುವೆ ಇರುವ ಸಂದು ತೀರಾ ಚಿಕ್ಕದು. ತುಕ್ಕು ಅಲ್ಲಿ ಬೆಳೆದು ಬೆಣೆ ಹೊಡೆದ ಹಾಗೆ ಕೂರುತ್ತದೆ. ಅಲ್ಯುಮಿನಿಯಂಗೆ ಹಾಕಿದ ಉಕ್ಕಿನ ಬೋಲ್ಟಿನ ಕಥೆ ಬೇರೆ. ಎರಡು ಲೋಹದ ನಡುವೆ ಉಪ್ಪು ನೀರು ಸೇರಿದರೆ ಬ್ಯಾಟರಿ ಇದ್ದ ಹಾಗೆ. ಅಲ್ಯುಮಿನಿಯಂ ಕರಗಿ ಬಿಳಿ ಪುಡಿಯಾಗಿ ಬೋಲ್ಟನ್ನು ಕಚ್ಚಿಕೊಳ್ಳುತ್ತದೆ.

ಈಗ ನಾನು ಮೊದಲು ವೈರ್ ಬ್ರಷ್‌ನಿಂದ ಹೊರಗಿನ ಥ್ರೆಡ್ ಉಜ್ಜುತ್ತೇನೆ. ಆಮೇಲೆ ಎಣ್ಣೆ. ಡಬ್ಲ್ಯೂಡಿ-40 ಎಲ್ಲರ ಕೈಯಲ್ಲೂ ಇರುತ್ತದೆ, ಆದರೆ ಆ ಎರಡು ಅಕ್ಷರಗಳ ಅರ್ಥವೇ ನೀರನ್ನು ಹೊರದೂಡುವುದು ಎಂದು. ಗಟ್ಟಿಯಾಗಿ ಹಿಡಿದ ನಟ್‌ಗೆ ಅದಕ್ಕೆಂದೇ ಮಾಡಿದ, ಸಂದಿಗೆ ಇಳಿಯುವ ಪೆನೆಟ್ರೇಟಿಂಗ್ ಆಯಿಲ್ ಒಳ್ಳೆಯದು. ಆಟೋಮ್ಯಾಟಿಕ್ ಗೇರಿನ ಆಯಿಲ್, ಅಸಿಟೋನ್ ಎರಡನ್ನೂ ಸಮ ಬೆರೆಸಿಯೂ ಹಾಕುತ್ತಾರೆ. ಅವು ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಬೇಕು. ಬೆಂಕಿಯ ಹತ್ತಿರ ಮಾತ್ರ ಬೇಡವೇ ಬೇಡ. ಯಾವ ಎಣ್ಣೆಯಾದರೂ ಸಂಜೆ ಹಾಕಿ, ಸುತ್ತಿಗೆಯಿಂದ ನಟ್ ಮೇಲೆ ಸಣ್ಣ ಸಣ್ಣ ಪೆಟ್ಟು ಕೊಟ್ಟು, ರಾತ್ರಿ ಬಿಡುತ್ತೇನೆ. ಆ ಅದುರಿಗೆ ತುಕ್ಕು ಬಿರುಕು ಬಿಡುತ್ತದೆ, ಎಣ್ಣೆಗೆ ದಾರಿ ಸಿಗುತ್ತದೆ.

ಬೆಳಿಗ್ಗೆ ಆರು ಮೂಲೆಯ ಸಾಕೆಟ್ ಹಾಕುತ್ತೇನೆ. ಹನ್ನೆರಡು ಮೂಲೆಯದು ಸವೆದ ನಟ್ ಮೇಲೆ ಜಾರಿ ಅದನ್ನು ಉರುಟು ಮಾಡಿಬಿಡುತ್ತದೆ. ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಕಾಲು ಸುತ್ತು ಬಂದರೆ ಅದರ ಅರ್ಧ ವಾಪಸ್, ಮತ್ತೆ ಎಣ್ಣೆ. ಒಂದೇ ಸಲಕ್ಕೆ ಎಳೆದರೆ ತುಕ್ಕಿನ ಪುಡಿ ಥ್ರೆಡ್‌ನಲ್ಲೇ ಸಿಕ್ಕಿ ಮತ್ತೆ ಜಾಮ್ ಆಗುತ್ತದೆ.

ಅದಕ್ಕೂ ಬಗ್ಗದಿದ್ದರೆ ಬೆಂಕಿ. ಬ್ಯಾಟರಿ ಕಳಚಿ, ಪೆಟ್ರೋಲ್ ಪೈಪ್ ಬಿಚ್ಚಿ ಮುಚ್ಚಿ, ಹಾಕಿದ ಎಣ್ಣೆಯನ್ನು ಪೂರ್ತಿ ಒರೆಸಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡ ಮೇಲೆ ಮಾತ್ರ. ಕಾಯಿಸಬೇಕಾದ್ದು ನಟ್ಟನ್ನು, ಸ್ಟಡ್ಡನ್ನಲ್ಲ. ನಟ್ ಹಿಗ್ಗಿದರೆ ತಾನೇ ಸಡಿಲ ಆಗುವುದು? ಹೆಡ್ ಅಲ್ಯುಮಿನಿಯಂ ಎಂಬುದು ನೆನಪಿರಲಿ. ಅಪ್ಪಟ ಅಲ್ಯುಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಹೆಡ್ಡಿನ ಮಿಶ್ರಲೋಹ ಅದಕ್ಕೂ ಮೊದಲೇ. ಕಬ್ಬಿಣದ ಹಾಗೆ ಕೆಂಪಾಗಿ ಮುನ್ಸೂಚನೆ ಕೊಡುವುದಿಲ್ಲ.

ಇಷ್ಟಾದರೂ ರಬ್ಬರಿನ ಹಾಗೇ ಬಂದರೆ ನಟ್ಟನ್ನೇ ಉಳಿಯಿಂದ ಸೀಳುತ್ತೇನೆ. ನಟ್ ಕೆಲವು ರೂಪಾಯಿಯದ್ದು. ಸ್ಟಡ್ ಮುರಿದರೆ ಹೆಡ್ಡಿಗೇ ಕೆಲಸ. ಬೇರೆಯವರು ಮುರಿದು ತಂದ ಸ್ಟಡ್ ಸ್ವಲ್ಪ ಹೊರಗಿದ್ದರೆ ಅದಕ್ಕೆ ಹೊಸ ನಟ್ ಇಟ್ಟು ವೆಲ್ಡ್ ಮಾಡಿಸುತ್ತೇನೆ. ವೆಲ್ಡಿಂಗಿನ ಬಿಸಿಗೇ ಎಷ್ಟೋ ಸಲ ಹಿಡಿತ ಬಿಡುತ್ತದೆ. ಈಸಿ ಔಟ್ ನನ್ನ ಪೆಟ್ಟಿಗೆಯಲ್ಲಿ ಇದೆ, ತೆಗೆಯುವುದು ತೀರಾ ಕಡಿಮೆ.

ಇದೆಲ್ಲಕ್ಕಿಂತ ಕಲಿಯಲು ಕಷ್ಟವಾಗಿದ್ದು ಕಾರಿನವರಿಗೆ "ಇವತ್ತು ಆಗಲ್ಲ" ಎನ್ನುವುದು. ಈಗ ಬಾನೆಟ್ ಎತ್ತಿ, ಅವರನ್ನೇ ಕರೆದು ಆ ನಟ್ ತೋರಿಸುತ್ತೇನೆ. ಒಂದು ರಾತ್ರಿ ಕೊಟ್ಟರೆ ಎಷ್ಟು, ಅವಸರದಲ್ಲಿ ಮುರಿದರೆ ಎಷ್ಟು, ಎರಡೂ ಲೆಕ್ಕ ಹೇಳುತ್ತೇನೆ. ಮುಖ ಸಣ್ಣ ಮಾಡಿಕೊಂಡರೂ ಹೆಚ್ಚಿನವರು ಕೀ ಕೊಟ್ಟು ಹೋಗುತ್ತಾರೆ.

ವಾಪಸ್ ಜೋಡಿಸುವಾಗ ಥ್ರೆಡ್ ಚೊಕ್ಕ ಮಾಡಿ, ಎಕ್ಸಾಸ್ಟ್ ಸ್ಟಡ್‌ಗೆ ತೆಳ್ಳಗೆ ತಾಮ್ರದ ಆಂಟಿ ಸೀಜ್, ಅಂದರೆ ನಟ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್, ಸವರುತ್ತೇನೆ. ಅದು ಜಾರುವುದರಿಂದ ಅಷ್ಟೇ ಬಲಕ್ಕೆ ಜಾಸ್ತಿ ಬಿಗಿಯಾಗುತ್ತದೆ, ಹಾಗಾಗಿ ಟಾರ್ಕ್, ಅಂದರೆ ತಿರುಗಿಸುವ ಬಲ, ಸ್ವಲ್ಪ ತಗ್ಗಿಸುತ್ತೇನೆ. ಮುಂದೆ ಆ ಕಾರು ಯಾವ ಗ್ಯಾರೇಜಿಗೆ ಹೋದರೂ, ಅಲ್ಲಿನ ಹುಡುಗನಿಗೆ ಆ ನಟ್ 12ರ ಸ್ಪ್ಯಾನರಿಗೆ ಬರಬೇಕು, ಪೈಪ್ ಸಿಕ್ಕಿಸದೆ.