ಮಿಕ್ಕ ತುಂಡುಗಳನ್ನು ಕೂಡಿಸಿದವರು

ಭಾನುವಾರದ ಆರಾಧನೆಯಲ್ಲಿ ಯೋಹಾನನ ಸುವಾರ್ತೆಯ 6ನೇ ಅಧ್ಯಾಯ ಓದಿದರು. ಯೇಸುಸ್ವಾಮಿ ಜನರ ಗುಂಪಿಗೆ ಊಟ ಕೊಟ್ಟದ್ದು, ಎಷ್ಟು ಸಲ ಕೇಳಿದ ಕಥೆ ಅಲ್ವಾ! 5 ಜವೆಗೋದಿ ರೊಟ್ಟಿ, 2 ಮೀನು, ಹುಲ್ಲಿನ ಮೇಲೆ ಕೂತ ಸುಮಾರು 5000 ಗಂಡಸರು. 200 ದಿನಾರಿಯ (ಆಗಿನ ಬೆಳ್ಳಿ ನಾಣ್ಯ) ರೊಟ್ಟಿ ತಂದರೂ ಒಬ್ಬೊಬ್ಬರಿಗೆ ಒಂದು ಚೂರೂ ಸಾಲದು ಅಂತ ಶಿಷ್ಯ ಫಿಲಿಪ್ಪ ಲೆಕ್ಕ ಹೇಳುತ್ತಾನೆ. ಆಮೇಲೆ ಆ ರೊಟ್ಟಿ, ಮೀನಿನಲ್ಲೇ ಎಲ್ಲರೂ ಹೊಟ್ಟೆ ತುಂಬ ತಿನ್ನುತ್ತಾರೆ. ನನಗೆ ಈ ಸಲ ಎದೆಗೆ ನಾಟಿದ್ದು ಊಟ ಮುಗಿದ ಮೇಲಿನ ಮಾತು. ಮಿಕ್ಕ ತುಂಡುಗಳನ್ನೆಲ್ಲ ಕೂಡಿಸಿ, ಏನೂ ಹಾಳಾಗಬಾರದು ಅಂತ ಸ್ವಾಮಿ ಶಿಷ್ಯರಿಗೆ ಹೇಳುತ್ತಾರೆ.

ಬೇಕೆಂದಾಗ ಬೇಕಾದಷ್ಟು ರೊಟ್ಟಿ ಕೊಡಬಲ್ಲವರು ಅವರು. ಅವರಿಗೆ ಚೂರುಪಾರು ಯಾಕೆ ಬೇಕಿತ್ತು? ಆದರೂ ಶಿಷ್ಯರು ಹುಲ್ಲಿನಲ್ಲಿ ಬಗ್ಗಿ ಬಗ್ಗಿ ಆರಿಸಿದರು, 12 ಬುಟ್ಟಿ ತುಂಬಿತು. ಧಾರಾಳವಾಗಿ ಕೊಟ್ಟ ಕೈಯೇ ಹಾಳುಮಾಡಬೇಡಿ ಅಂತಲೂ ಹೇಳಿತು. ದೇವರು ಕೊಡುತ್ತಾರೆ ಬಿಡು ಅಂತ ಮನಸ್ಸಿಗೆ ಬಂದ ಹಾಗೆ ಖರ್ಚು ಮಾಡೋದಕ್ಕೆ ನಂಬಿಕೆ ಅಂತ ಹೆಸರಿಡುವವರು ಈ ಒಂದು ವಚನವನ್ನು ನಿಧಾನವಾಗಿ ಓದಬೇಕು.

ಹಾಗಂತ ಕೂಡಿಡೋದೆಲ್ಲ ಸರಿಯೂ ಅಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನದಿನಕ್ಕೆ ಕೊಟ್ಟ ಆಹಾರ ಮನ್ನ. ಅದನ್ನು ನಾಳೆಗೂ ಇರಲಿ ಅಂತ ಇಟ್ಟುಕೊಂಡವರಿಗೆ ಬೆಳಗಾಗುವಷ್ಟರಲ್ಲಿ ಹುಳ ಸಿಕ್ಕಿತು. ಅದೇ ಮನ್ನ, ಸಬ್ಬತ್ತಿಗಾಗಿ, ಅಂದರೆ ಏಳನೇ ದಿನದ ವಿಶ್ರಾಂತಿಗಾಗಿ, ಆರನೇ ದಿನ ಎರಡರಷ್ಟು ಕೂಡಿಸಿಟ್ಟಾಗ ಕೆಡಲಿಲ್ಲ. ಐಗುಪ್ತದಲ್ಲಿ ಯೋಸೇಫನೂ ಕಣಜ ತುಂಬಿಸಿದ, ಲೂಕನ ಸುವಾರ್ತೆ 12ರಲ್ಲಿ ಯೇಸು ಹೇಳಿದ ಕಥೆಯ ಐಶ್ವರ್ಯವಂತನೂ ದೊಡ್ಡ ಕಣಜ ಕಟ್ಟಿಸಲು ಹೊರಟ. ಯೋಸೇಫ ಸುಭಿಕ್ಷದ 7 ವರ್ಷ ಬೆಳೆಯಲ್ಲಿ ಐದನೇ ಒಂದು ಪಾಲು ತೆಗೆದಿಡಿಸಿದ್ದು ಬರಗಾಲದಲ್ಲಿ ದೇಶವೇ ಉಣ್ಣಲಿ ಅಂತ. ಇನ್ನೊಬ್ಬ ತನ್ನ ಪ್ರಾಣದ ಜೊತೆಗೇ ಮಾತಾಡಿಕೊಂಡ: ತಿನ್ನು, ಕುಡಿ, ಸುಖಪಡು ಅಂತ. ಅವನ ಲೆಕ್ಕದಲ್ಲಿ ಬೇರೆ ಯಾರೂ ಇರಲೇ ಇಲ್ಲ.

ನಮ್ಮಜ್ಜಿ ನೆನಪಾಗುತ್ತಾರೆ. ಕೈಗೆ ದುಡ್ಡು ಬಂದ ತಕ್ಷಣ ಮೊದಲು ಕಾಣಿಕೆಯ ಪಾಲನ್ನು ಎತ್ತಿ ಸತ್ಯವೇದದ ಪಕ್ಕ ಇಡುತ್ತಿದ್ದರು. ಆಮೇಲೆ ಮನೆ ಖರ್ಚು. ಆರಾಧನೆ ಶುರುವಾದಾಗಿನಿಂದ ನಾಣ್ಯವನ್ನು ಮುಷ್ಟಿಯಲ್ಲೇ ಹಿಡಿದಿರುತ್ತಿದ್ದರು. ಹಾಡುವಾಗ, ಪ್ರಾರ್ಥನೆಯಲ್ಲಿ, ಪ್ರಸಂಗ ಮುಗಿಯೋ ತನಕ. ಕಾಣಿಕೆ ಚೀಲ ಹತ್ತಿರ ಬಂದಾಗ ಅದನ್ನು ನನ್ನ ಕೈಗೆ ಕೊಟ್ಟು ಹಾಕಿಸುವರು. ಆ ನಾಣ್ಯ ಬೆಚ್ಚಗಿರುತ್ತಿತ್ತು, ಸ್ವಲ್ಪ ಬೆವರಿನ ಪಸೆಯೂ ಇರುತ್ತಿತ್ತು. ಆ ಬಿಸಿ ಇವತ್ತಿಗೂ ನನ್ನ ಅಂಗೈಗೆ ಗೊತ್ತು. ‘ಇದು ನಮ್ಮದಲ್ಲ ಮಗಾ, ಅವರದೇ. ವಾಪಸ್ ಕೊಡ್ತಾ ಇದ್ದೀವಿ ಅಷ್ಟೆ’ ಅನ್ನುತ್ತಿದ್ದರು. ದೇವಾಲಯಕ್ಕೆ ಬಂಗಾರ, ಬೆಳ್ಳಿ ರಾಶಿ ಹಾಕಿದ ದಾವೀದ ಅರಸನೂ ಇದನ್ನೇ ಪ್ರಾರ್ಥಿಸಿದ್ದು, ನಿನ್ನ ಕೈಯಿಂದ ಬಂದದ್ದನ್ನೇ ನಿನಗೆ ಕೊಟ್ಟಿದ್ದೇವೆ ಅಂತ.

ಈಗ ಪ್ರಥಮಫಲದ, ಅಂದರೆ ಬಂದದ್ದರಲ್ಲಿ ಮೊದಲ ಪಾಲು ದೇವರಿಗೆ ಅನ್ನುವ, ಮಾತು ಬಾಯಲ್ಲಿದೆ, ಕೊಡೋದು ಮಾತ್ರ ಎಲ್ಲ ಮುಗಿದು ಮಿಕ್ಕಿದ್ದು. ಚೀಲ ಎದುರಿಗೆ ಬಂದಾಗ ಜೇಬು ತಡಕುತ್ತೇವೆ. ಇದನ್ನು ಬರೆಯುವಾಗ ನೋವಾಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಸಭೆಯಲ್ಲಿ ಯಾರಾದರೂ ಲೆಕ್ಕ ಕೇಳಿದರೆ, ದೇವರ ದುಡ್ಡಿಗೆ ಲೆಕ್ಕ ಕೇಳ್ತೀರಾ ಅಂತ ಮುಖ ಸಿಂಡರಿಸುತ್ತಾರೆ. ದೇವರ ದುಡ್ಡು ಅಂತಲೇ ಕೇಳಬೇಕು! ಸುವಾರ್ತೆಯ ಬಡ ವಿಧವೆ ಕಾಣಿಕೆಗೆ ಹಾಕಿದ 2 ಕಾಸು ಅವಳ ಜೀವನವೇ ಆಗಿತ್ತು. ಅಂಥ ಕಾಸನ್ನು ಕೈಯಲ್ಲಿ ಹಿಡಿದವರಿಗೆ ನಡುಕ ಇರಬೇಡವೇ? ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸಿದಾಗ ಅಪೊಸ್ತಲ ಪೌಲ ತಾನೊಬ್ಬನೇ ಎಲ್ಲವನ್ನೂ ನೋಡಿಕೊಳ್ಳಲಿಲ್ಲ. ತನ್ನ ಜೊತೆ ಕೆಲಸಗಾರ ತೀತನ ಸಂಗಡ ಸಭೆಗಳು ಆರಿಸಿದ ಸಹೋದರರನ್ನೂ ಕಳುಹಿಸಿದ. ಕರ್ತನ ಮುಂದೆ ಮಾತ್ರ ಸಾಲದು, ಮನುಷ್ಯರ ಮುಂದೆಯೂ ಎಲ್ಲ ನೆಟ್ಟಗಿರಲಿ ಅಂತ 2 ಕೊರಿಂಥ 8ರಲ್ಲಿ ಸ್ಪಷ್ಟವಾಗಿ ಬರೆದಿದ್ದಾನೆ. ಪೌಲನಂಥ ಪೌಲನೇ ಹಾಗೆ ನಡೆದುಕೊಂಡ.

ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಖಜಾಂಚಿ ನಿಂತು ಬಂದದ್ದು, ಹೋದದ್ದು ಒಂದೊಂದನ್ನೇ ಓದಿದರು. ಚಿಲ್ಲರೆ ಕಾಸನ್ನೂ ಬಿಡಲಿಲ್ಲ. ಎಷ್ಟೋ ಜನ ಅಷ್ಟರಲ್ಲೇ ಎದ್ದು ಹೊರಟಿದ್ದರು. ನನಗೆ ಅದು ಕೂಡ ಆರಾಧನೆಯ ಭಾಗವೇ ಅನ್ನಿಸಿತು, ಕೊನೆಗೆ ಮನಸಾರೆ ಆಮೆನ್ ಅಂದೆ.