ಮನೆಯಲ್ಲಿ ಹಿರಿಯರನ್ನು ನೋಡಿಕೊಂಡಿದ್ದೇನೆ, ಆರೈಕೆ ಕೆಲಸ ಸಿಗುತ್ತದಾ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಎಸ್ಸೆಸ್ಸೆಲ್ಸಿ ಆಗೇತ್ರಿ. ಲಕ್ವಾ ಹೊಡೆದಿದ್ದ ಅತ್ತೀನ ಮೂರು ವರ್ಷ ನಾನೇ ನೋಡ್ಕೊಂಡೀನಿ. ಈಗ ಇದನ್ನೇ ಕೆಲಸ ಮಾಡ್ಬೇಕಂತೀನಿ, ಯಾರನ್ನ ಕೇಳ್ಬೇಕು?"

ಕೆಲಸ ಇದೆ. ಆದರೆ "ನೋಡ್ಕೊಂಡೀನಿ" ಎಂಬ ಒಂದೇ ಮಾತಿನಲ್ಲಿ ಮೂರು ವರ್ಷದ ದುಡಿಮೆಯನ್ನು ಮುಗಿಸಿಬಿಟ್ಟರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಊಟ ಕೊಟ್ಟವರೂ ನೋಡಿಕೊಂಡವರೇ, ರಾತ್ರಿ ಎದ್ದೆದ್ದು ಮಗ್ಗಲು ಬದಲಿಸಿದವರೂ ನೋಡಿಕೊಂಡವರೇ. ಮೊದಲು ಒಂದು ಹಾಳೆ ತೆಗೆದುಕೊಂಡು ಮಾಡಿದ ಕೆಲಸವನ್ನು ಬಿಡಿಸಿ ಬರೆಯಿರಿ. "ಬಲಗೈ ಬಲಗಾಲು ಬಿದ್ದಿದ್ದ 74 ವರ್ಷದ ಹೆಂಗಸು, 3 ವರ್ಷ. ಹಾಸಿಗೆಯಲ್ಲೇ ಮೈ ಒರೆಸುವುದು, 2 ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ಡೈಪರ್, ಮೂತ್ರದ ಚೀಲ ಖಾಲಿ ಮಾಡಿ ಅಳತೆ ಬರೆಯುವುದು, ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡುವುದು, ಗಾಲಿಕುರ್ಚಿಗೆ ಕೂಡಿಸುವುದು." ಮಾಡಿದ್ದನ್ನಷ್ಟೇ ಬರೆಯಿರಿ. ಮೂಗಿನ ನಳಿಕೆಯಲ್ಲಿ ಊಟ ಹಾಕಿಲ್ಲದಿದ್ದರೆ "ಇಲ್ಲ, ಕಲಿಯಲು ತಯಾರಿದ್ದೇನೆ" ಎಂದು ಬರೆದರೂ ನಡೆಯುತ್ತದೆ. ಬರುತ್ತದೆಂದು ಹೇಳಿ, ರೋಗಿಯನ್ನು ಮಲಗಿಸಿಕೊಂಡೇ ನಳಿಕೆಗೆ ಗಂಜಿ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು, ಹಾಕಿ ಮುಗಿದ ಮೇಲೂ ಅರ್ಧ ತಾಸು ಹಾಗೆಯೇ ಇರಬೇಕು.

ಅದೇ ಹಾಳೆಯಲ್ಲಿ ಬರುವ ಭಾಷೆಗಳನ್ನೂ ಹಾಕಿ. ಬಳ್ಳಾರಿಯಲ್ಲಿ ತೆಲುಗು, ರಾಯಚೂರಿನಲ್ಲಿ ತೆಲುಗು ಮತ್ತು ಉರ್ದು ಬಂದರೆ ಅದೂ ಒಂದು ಅರ್ಹತೆಯೇ. ಮರೆವಿನ ಕಾಯಿಲೆಯ ಹಿರಿಯರು ಕೊನೆಗೆ ತಾಯಿಮಾತಿಗೇ ತಿರುಗಿ ನಿಲ್ಲುವುದುಂಟು.

ನಿಮ್ಮನ್ನು ನೀವು "ನರ್ಸ್" ಎಂದು ಕರೆದುಕೊಳ್ಳಬೇಡಿ. ಜನ ಬಾಯಿಮಾತಿಗೆ ಹೋಂ ನರ್ಸ್ ಅನ್ನುತ್ತಾರೆ, ಸರಿ. ಆದರೆ ನರ್ಸ್ ಎಂದರೆ ಎಎನ್‌ಎಂ, ಜಿಎನ್‌ಎಂ ಇಲ್ಲವೇ ಬಿಎಸ್ಸಿ ನರ್ಸಿಂಗ್ ಓದಿ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಆದವರು. ನೀವು ಆರೈಕೆದಾರರು, ಹಾಳೆಯಲ್ಲೂ ಅದನ್ನೇ ಬರೆಯಿರಿ. ನಾಳೆ ಮನೆಯವರು "ಒಂದು ಗ್ಲುಕೋಸ್ ಏರಿಸಿಬಿಡವ್ವ" ಎಂದಾಗ ಒಲ್ಲೆ ಎನ್ನಲು ಇದೇ ಆಧಾರ. ರಕ್ತನಾಳಕ್ಕೆ ಸೂಜಿ, ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕುವುದು, ತೆಗೆಯುವುದು ನಿಮ್ಮ ಕೆಲಸ ಅಲ್ಲ.

ತರಬೇತಿ ಬೇಕೇ ಎಂದರೆ, ಒಂದು ಮನೆ ಹಿಡಿಯಲು ಬೇಡ, ಆಸ್ಪತ್ರೆ ಅಥವಾ ದೊಡ್ಡ ಏಜೆನ್ಸಿ ಸೇರಲು ಬೇಕು. ಕೋರ್ಸುಗಳ ಹೆಸರು ಜನರಲ್ ಡ್ಯೂಟಿ ಅಸಿಸ್ಟೆಂಟ್ ಮತ್ತು ಹೋಮ್ ಹೆಲ್ತ್ ಏಡ್. ಸರ್ಕಾರದ ಯೋಜನೆಯಡಿ ನಡೆದರೆ ಶುಲ್ಕ ಇರುವುದಿಲ್ಲ. ಮುಂದಿನ ತಂಡ ಯಾವಾಗ ಎಂದು ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿ. ಖಾಸಗಿ ಸಂಸ್ಥೆಗೆ ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಆಸ್ಪತ್ರೆಯ ವಾರ್ಡಿನಲ್ಲಿ ಎಷ್ಟು ದಿನ ನಿಲ್ಲಿಸುತ್ತೀರಿ? ಉತ್ತರ ತೇಲಿಸಿದರೆ ಎದ್ದು ಬನ್ನಿ. ಗೊಂಬೆಯ ಮೇಲಷ್ಟೇ ಕಲಿತ ಕೈಗೆ ನಿಜವಾದ ಮೈಯ ಭಾರ ತಿಳಿಯುವುದಿಲ್ಲ.

ಕಾಗದಪತ್ರ ಹೆಚ್ಚೇನಿಲ್ಲ: ಆಧಾರ್, ಓದಿನ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್, ಎರಡು ಫೋಟೊ. ಜೊತೆಗೆ ಪೊಲೀಸ್ ಪರಿಶೀಲನಾ ಪತ್ರ ಇದ್ದರೆ ಹತ್ತು ಮಾತು ಉಳಿಯುತ್ತದೆ. ಅದಕ್ಕೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಕೆಲಸ ಸಿಗಲಿ ಆಮೇಲೆ ಎನ್ನದೆ ಈಗಲೇ ಶುರುಮಾಡಿ. ಎಲ್ಲಿಗೆ ಹೋದರೂ ಜೆರಾಕ್ಸ್ ಕೊಡಿ. ಮೂಲ ಅಂಕಪಟ್ಟಿಯನ್ನು "ಆಫೀಸಿನಲ್ಲೇ ಇರಲಿ" ಎನ್ನುವವರ ಕೆಲಸ ಬೇಡ.

ಇನ್ನು ಎಲ್ಲಿ ಕೇಳುವುದು. ಎಲ್ಲರೂ ಮೊದಲು ಓಡುವುದು ದೊಡ್ಡಾಸ್ಪತ್ರೆಗೆ: ಬಳ್ಳಾರಿಯ ವಿಮ್ಸ್ (ಹೆಸರು ಬಿಎಂಸಿಆರ್‌ಸಿ ಆಗಿದೆ, ಆಟೊದವರಿಗೆ ಇನ್ನೂ ವಿಮ್ಸೇ), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್. ಇಂಥ ಸರ್ಕಾರಿ ಆಸ್ಪತ್ರೆಗಳಿಗೆ ಕೆಳಹಂತದ ಸಿಬ್ಬಂದಿ ಬರುವುದು ಹೆಚ್ಚಾಗಿ ಹೊರಗುತ್ತಿಗೆಯಲ್ಲಿ. ಅಲ್ಲಿ ಮಧ್ಯವರ್ತಿ ದುಡ್ಡು ಕೇಳಿದರೆ ಹುಷಾರು. ನನ್ನ ಲೆಕ್ಕದಲ್ಲಿ ಆಸ್ಪತ್ರೆಯ ಸುತ್ತಲಿನ ಸರ್ಜಿಕಲ್ ಅಂಗಡಿಗಳು ಇನ್ನೂ ಒಳ್ಳೆಯ ಜಾಗ. ಮಡಿಸುವ ಮಂಚ, ಗಾಳಿ ಹಾಸಿಗೆ, ಗಾಲಿಕುರ್ಚಿ ಬಾಡಿಗೆಗೆ ಒಯ್ಯುವ ಮನೆಗೇ ಅದೇ ವಾರ ಆರೈಕೆದಾರರು ಬೇಕಾಗುತ್ತಾರೆ. ಅಂಗಡಿಯವರಿಗೆ ನಿಮ್ಮ ಹಾಳೆ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸಿ ಬನ್ನಿ. ಫಿಸಿಯೋಥೆರಪಿಯವರು, ಓಣಿಯ ಆಶಾ ಕಾರ್ಯಕರ್ತೆ ಆಮೇಲೆ. ತೋರಣಗಲ್ಲು, ಕುಡುತಿನಿ, ಶಕ್ತಿನಗರದಂಥ ಕಾರ್ಖಾನೆ ಊರುಗಳಲ್ಲಿ ಮಕ್ಕಳು ಪಾಳಿಗೆ ಹೋದಾಗ ವಯಸ್ಸಾದವರು ಒಬ್ಬರೇ ಉಳಿಯುತ್ತಾರೆ. ಗಂಗಾವತಿ, ಸಿಂಧನೂರಿನಲ್ಲಿ ಮಕ್ಕಳು ಬೆಂಗಳೂರು, ಹೈದರಾಬಾದ್ ಸೇರಿ ಅಪ್ಪ ಅಮ್ಮ ಮಾತ್ರ ಇರುವ ಮನೆಗಳಿವೆ. ಗಂಡಸರೂ ಕೇಳಿ: ಭಾರದ ಗಂಡು ರೋಗಿಯನ್ನು ಎತ್ತಿ ಇಳಿಸಲು ಗಂಡಾಳೇ ಬೇಕೆನ್ನುವ ಮನೆಗಳಿಗೆ ಜನ ಸಿಗುವುದಿಲ್ಲ.

ಏಜೆನ್ಸಿ ಮೂಲಕ ಹೋಗುವುದಾದರೆ ಮೂರು ವಿಷಯ ಮೊದಲೇ ಬಿಡಿಸಿ. ಮನೆಯವರು ಎಷ್ಟು ಕೊಡುತ್ತಾರೆ, ಅದರಲ್ಲಿ ನಿಮಗೆಷ್ಟು, ಸಂಬಳ ಯಾವ ತಾರೀಕಿಗೆ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಇಎಸ್‌ಐ (ನೌಕರರ ವಿಮೆ) ಅನ್ವಯಿಸುತ್ತದೆ. ನಿಮ್ಮ ಪಾಲು ಶೇ 0.75 ಮಾತ್ರ. "ಇಎಸ್‌ಐಗೆ ಹಿಡಿದೆವು" ಎಂದು ಅದಕ್ಕಿಂತ ಹೆಚ್ಚು ಮುರಿದಿದ್ದರೆ ಲೆಕ್ಕ ಕೇಳಿ, ವಿಮಾ ಸಂಖ್ಯೆಯನ್ನೂ ಕೇಳಿ.

ಮನೆಗೆ ಕರೆದ ದಿನ ಮಾತಿಗಿಂತ ನಿಮ್ಮ ಕೈ ನೋಡುತ್ತಾರೆ. ಬಳೆ ತೆಗೆದು, ಉಗುರು ಕತ್ತರಿಸಿ, ಸೆರಗು ಸಿಗಿಸಿಕೊಂಡು ಹೋಗಿ. ಒಳಗೆ ಹೋದ ಮೇಲೆ ಮೊದಲ ಕೆಲಸ ಸೋಪಿನಿಂದ ಕೈ ತೊಳೆಯುವುದು, 40ರಿಂದ 60 ಸೆಕೆಂಡ್. ಆಮೇಲೆ ಮಗನ ಜೊತೆ ಮಾತಿಗೆ ನಿಲ್ಲದೆ ರೋಗಿಯ ಎದುರು, ಕಣ್ಣಿಗೆ ಕಾಣುವಂತೆ ನಿಂತು ಮಾತಾಡಿಸಿ. "ಕುರ್ಚಿಗೆ ಕೂಡಿಸಿ ನೋಡೋಣ" ಅಂದರೆ ಗಾಲಿಕುರ್ಚಿಯನ್ನು ರೋಗಿಯ ಗಟ್ಟಿಯಿರುವ (ಲಕ್ವಾ ಹೊಡೆಯದ) ಮಗ್ಗಲಿಗೆ ತಂದು ನಿಲ್ಲಿಸಿ, ಎರಡೂ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಮೇಲೆತ್ತಿ. "ಅಜ್ಜಾ, ಈಗ ಕುರ್ಚಿಗೆ ಕೂಡ್ರಿಸ್ತೀನಿ, ನಾನು ಹಿಡ್ಕೊಂಡೀನಿ" ಎಂದು ಹೇಳಿಯೇ ಮುಟ್ಟಿ. ಮಂಚದ ಅಂಚಿಗೆ ಕೂಡಿಸಿ, ಪಾದ ನೆಲಕ್ಕೆ ತಾಗಿಸಿ, ಒಂದೆರಡು ನಿಮಿಷ ತಡೆಯಿರಿ. ಮಲಗಿದವರು ಒಮ್ಮೆಲೇ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಆಮೇಲೆ ನಿಮ್ಮ ಮೊಣಕಾಲು ಬಗ್ಗಿಸಿ, ಸೊಂಟದ ಸುತ್ತ ಹಿಡಿದು, ತಿರುಗಿಸಿ ಕೂಡಿಸಿ. ಲಕ್ವಾ ಹೊಡೆದ ಕೈಯನ್ನಾಗಲಿ ಕಂಕುಳನ್ನಾಗಲಿ ಹಿಡಿದು ಎಳೆಯಬಾರದು. ಸೋತ ಭುಜದ ಕೀಲು ಸರಿದುಬಿಡುತ್ತದೆ.

ಅಲ್ಲಿರುವಾಗಲೇ ಹಿಮ್ಮಡಿ, ಬೆನ್ನ ಬುಡ, ಸೊಂಟದ ಮಗ್ಗಲು ನೋಡಲು ಅಪ್ಪಣೆ ಕೇಳಿ. ಕೆಂಪಾಗಿದ್ದರೆ, ಹುಣ್ಣಿದ್ದರೆ ಅಂದೇ ಮನೆಯವರಿಗೆ ತೋರಿಸಿ, ಫೋಟೊ ತೆಗೆದಿಡಲು ಹೇಳಿ. ಇಲ್ಲವಾದರೆ ನಾಲ್ಕು ದಿನದ ಮೇಲೆ ಆ ಹುಣ್ಣು ನಿಮ್ಮ ಲೆಕ್ಕಕ್ಕೆ ಬರುತ್ತದೆ. ನಮ್ಮ ಬೇಸಿಗೆಗೆ ರೆಕ್ಸಿನ್ ಶೀಟಿನ ಮೇಲೆ ಬರಿಮೈ ಮಲಗಿಸಿರುವುದು ಕಂಡರೆ ಮೇಲೊಂದು ಹತ್ತಿ ಬಟ್ಟೆ ಹಾಸಿಸಿ. ಬೆವರಲ್ಲಿ ನೆನೆದ ಚರ್ಮ ಬೇಗ ಕೀಳುತ್ತದೆ.

ಸಂಬಳದ ಮಾತಿಗೆ ತಾಸಿನ ಲೆಕ್ಕ ಹಾಕಿಕೊಂಡೇ ಕೂಡಿ. ಉದಾಹರಣೆಗೆ ದಿನಕ್ಕೆ 12 ತಾಸು, ತಿಂಗಳಿಗೆ 15,000 ಎಂದರೆ 360 ತಾಸಿಗೆ ತಾಸಿಗೆ 41 ರೂಪಾಯಿ ಮೇಲೆ ಬೀಳುತ್ತದೆ. "ಮನೆಯಲ್ಲೇ ಇರು, 18,000 ಕೊಡ್ತೀವಿ" ಎಂದರೆ 720 ತಾಸಿಗೆ ತಾಸಿಗೆ 25. ಮೂರು ಸಾವಿರ ಹೆಚ್ಚು ಕಂಡರೂ ರೇಟು ಬಿದ್ದಿದೆ. ಮನೆಯಲ್ಲೇ ಇರುವುದಾದರೆ ಮಲಗುವ ಜಾಗ, ಎರಡು ಹೊತ್ತಿನ ಊಟ, ಹಗಲು ನಿದ್ದೆಗೆ ಬಿಡುವು, ವಾರದ ರಜೆಗೆ ಬದಲಿ ಯಾರು ಎಂಬುದು ಮೊದಲೇ ಗೊತ್ತಾಗಲಿ. ರೋಗಿಯ ಬಟ್ಟೆ, ರೋಗಿಯ ಗಂಜಿ ನಿಮ್ಮದು. ಇಡೀ ಮನೆಯ ರೊಟ್ಟಿ ಬಡಿಯುವುದು ಬೇರೆ ಕೆಲಸ, ಬೇರೆ ಸಂಬಳ. ಇದನ್ನು ಮೊದಲ ದಿನ ಹೇಳದವರು ಎರಡನೇ ವಾರಕ್ಕೆ ಒಲೆ ಮುಂದೆ ಇರುತ್ತಾರೆ.

ಯಾರೂ ಬಾಯಿ ಬಿಡದ ಒಂದು ಮಾತಿದೆ. ರೋಗಿ ತೀರಿಕೊಂಡರೆ ಅಥವಾ ಆಸ್ಪತ್ರೆಗೆ ಸೇರಿದರೆ ಕೆಲಸ ಅಂದೇ ನಿಲ್ಲುತ್ತದೆ. ಹಾಗಾದರೆ ಹದಿನೈದು ದಿನದ ಸಂಬಳ ಅಥವಾ ಒಂದು ವಾರದ್ದು ಎಂದು ಮೊದಲೇ ಒಪ್ಪಿಸಿ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. "ಅಪಶಕುನ ಯಾಕೆ" ಅನಿಸಿದರೆ "ಕೆಲಸ ನಿಂತರೆ" ಎಂದಷ್ಟೇ ಬರೆದರೂ ಸಾಕು. ಬೀರುವಿನ ಕೀ, ಎಟಿಎಂ ಕಾರ್ಡ್ ಕೈಗೆ ತೆಗೆದುಕೊಳ್ಳಬೇಡಿ. ರೋಗಿಯ ಮೈಮೇಲಿನ ಬಂಗಾರವನ್ನು ಮನೆಯವರೇ ತೆಗೆದಿಡಲಿ. ತುರ್ತಿಗೆ 108 ಸರಿ, ಆದರೆ ಮನೆಯವರಲ್ಲಿ ಮೊದಲು ಯಾವ ಮಗನಿಗೆ, ಯಾವ ಮಗಳಿಗೆ ಫೋನ್ ಎಂಬುದು ಅದೇ ಹಾಳೆಯಲ್ಲಿರಲಿ. ಮನೆಯಲ್ಲಿ ಯಾರಾದರೂ ಕೈ ಹಾಕಿದರೆ, ಲೈಂಗಿಕವಾಗಿ ಪೀಡಿಸಿದರೆ, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಮನೆಗೆಲಸದವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಮೂರು ತಿಂಗಳೊಳಗೆ.

ಒಂದು ಮನೆ ಮುಗಿದಾಗ ಮುಂದಿನ ಮನೆಗೆ ಬೇಕಾಗುವುದು ಈ ಮನೆಯ ಪತ್ರ. ಸಾವಾದ ಮನೆಯಲ್ಲಿ ಅಂದೇ ಕೇಳಬೇಡಿ. ದಿನ ಕಳೆದ ಮೇಲೆ ಹೋಗಿ ಮಾತಾಡಿಸಿ, ಮನೆಯ ಮಗಳನ್ನೋ ಸೊಸೆಯನ್ನೋ ಕೇಳಿ. ಎಂದಿನಿಂದ ಎಂದಿನವರೆಗೆ, ರೋಗಿಯ ಸ್ಥಿತಿ ಏನಿತ್ತು, ಯಾವ ಯಾವ ಕೆಲಸ ಮಾಡಿದಿರಿ, ಫೋನ್ ಮಾಡಿ ವಿಚಾರಿಸಬಹುದೇ: ನಾಲ್ಕು ಸಾಲು. ಬರೆಯಲು ಅವರಿಗೆ ಬಿಡುವಿಲ್ಲದಿದ್ದರೆ ನೀವೇ ಬರೆದುಕೊಂಡು ಹೋಗಿ, ಓದಿ ಸಹಿ ಹಾಕಲಿ.